ಚರಂಡಿ ನಿಂತ ಜಾಗ

ಓಬಮ್ಮನ ಮನೆಯ ಮುಂದೆ ಚರಂಡಿ ಮುಗಿಯುತ್ತದೆ. ಕೊಚ್ಚೆ ಮುಗಿಯುವುದಿಲ್ಲ.

ಕರಿಗುಡ್ಡದಹಳ್ಳಿ ಯಗಟಿ ಕಡೆಯ ಒಂದು ದಿಣ್ಣೆಯ ಮೇಲಿದೆ. ಮೇಲೆ ಊರು, ತಳದಲ್ಲಿ ಕಾಲೋನಿ. ಮೇಲಿನವರು ಮಿಂದ ನೀರು, ಮುಸುರೆ ತೊಳೆದ ನೀರು, ಕೊಟ್ಟಿಗೆಯ ಗಂಜಲ, ಕೂಸಿನ ಹೇಲುಬಟ್ಟೆ ಹಿಂಡಿದ ನೀರು, ಎಲ್ಲವೂ ಇಳಿಜಾರು ಹಿಡಿದು ಕಾಲೋನಿಗೇ ಬರಬೇಕು. ನೀರಿಗೆ ಜಾತಿ ಇಲ್ಲ ಅಂತ ಭಾಷಣ ಬಿಗಿಯುವ ಮಹಾಶಯರು ಒಂದು ಬೆಳಗ್ಗೆ ಇಲ್ಲಿ ಬಂದು ನಿಂತು, ಮೂಗು ಮುಚ್ಚಿಕೊಳ್ಳದೆ, ಅದೇ ಮಾತು ಹೇಳಲಿ ನೋಡೋಣ.

ಮೊದಲು ಮಣ್ಣಿನ ಕಾಲುವೆ ಇತ್ತು. ಕಡೂರು ಸೀಮೆಯ ಒಣ ನೆಲ, ಅರ್ಧ ನೀರನ್ನು ದಾರಿಯಲ್ಲೇ ಕುಡಿದುಬಿಡುತ್ತಿತ್ತು. ಆಮೇಲೆ ದಿಲ್ಲಿಯಿಂದ ಅನುದಾನ ಬರತೊಡಗಿತು. ಹಣಕಾಸು ಆಯೋಗದ ದುಡ್ಡು. ಕುಡಿಯುವ ನೀರಿಗೆ ಇಷ್ಟು, ನೈರ್ಮಲ್ಯಕ್ಕೆ ಇಷ್ಟು ಅಂತ ಅಲ್ಲಿಂದಲೇ ಗಂಟು ಕಟ್ಟಿ ಕಳಿಸುವ ದುಡ್ಡು. ಒಂದು ವರ್ಷ ಗುಡಿ ಬೀದಿಗೆ ಸಿಮೆಂಟು ಚರಂಡಿ ಆಯಿತು. ಮರುವರ್ಷ ಅಂಗಡಿ ಬೀದಿಗೆ. ಅದರ ಮರುವರ್ಷ ಪಂಚಾಯ್ತಿ ಆಫೀಸಿನ ಬೀದಿಗೆ. ಸಿಮೆಂಟಿನಲ್ಲಿ ನೀರು ಇಂಗುವುದಿಲ್ಲ, ಓಡಿ ಬರುತ್ತದೆ. ಅನುದಾನ ಬಂದ ಹಾಗೆಲ್ಲ ಮೇಲಿನ ಬೀದಿಗಳು ಒಣಗಿ ಬೆಳ್ಳಗಾದವು, ಕಾಲೋನಿ ಕರ್ರಗೆ ನೆನೆಯಿತು. ಆಫೀಸು ದಾಟಿ, ಅದರ ಪಕ್ಕದ ಓಂಕಾರೇಶನ ಕೊಬ್ಬರಿ ಶೆಡ್ಡು ದಾಟಿ, ಕಾಲೋನಿಯ ಮೊದಲ ಮನೆಯಾದ ಓಬಮ್ಮನ ಹೊಸ್ತಿಲ ಎದುರಿಗೆ ಬಂದು ಸಿಮೆಂಟು ನಿಂತಿತು. ಮುಂದೆ ಹಳ್ಳದವರೆಗೆ ಬಟ್ಟ ಬಯಲು. ಕೊಚ್ಚೆ ಅಲ್ಲಿ ಮನಸ್ಸು ಬಂದ ಕಡೆ ಹರಡಿಕೊಂಡಿತು.

ಇನ್ನೂ ಹೊಟ್ಟೆ ಉರಿಯುವ ಮಾತು ಹೇಳುತ್ತೇನೆ ಕೇಳಿ. ಆ ಚರಂಡಿಗೆ ನೆಲ ಅಗೆದವರು ಕಾಲೋನಿಯವರೇ. ಓಬಮ್ಮ, ಅವಳ ಗಂಡ ದೇವೀರಪ್ಪ, ಪಕ್ಕದ ಮನೆಯ ಉಗ್ರಪ್ಪ, ಎಲ್ಲರೂ ಕೂಲಿಗೆ ಹೋದರು. ಗಟ್ಟಿ ನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು, ಅದರ ಮೇಲೆ ಮತ್ತೆ ಬೊಕ್ಕೆ ಎದ್ದಿತು. ಶೆಡ್ಡು ದಾಟಿದಾಗ ಓಬಮ್ಮ ಗುದ್ದಲಿ ನಿಲ್ಲಿಸಿ ಇಂಜಿನಿಯರನ್ನು ಕೇಳಿದ್ದಳು, "ಸ್ವಾಮೇರಾ, ಇಲ್ಲೀಗಂಟ ತಂದು ಬಿಟ್ರೆ ನಮ್ಮನೆ ಬಾಗ್ಲಿಗೇ ಬತ್ತದಲ್ಲ?"

"ಮುಂದಿನ್ ವರ್ಷದ ಅನುದಾನದಲ್ಲಿ ಹಳ್ಳಕ್ಕೆ ಸೇರಿಸ್ತೀವಮ್ಮ. ಅಗಿ."

ದೇವೀರಪ್ಪ ನಂಬಿದ. "ಸರ್ಕಾರದೋರು ಹೇಳವ್ರೆ ಕಣೇ, ಸುಳ್ಳಾಡ್ತಾರಾ?" ಅಂದ. ಅಗೆದರು. ಕೂಲಿ ತೆಗೆದುಕೊಂಡು ತಮ್ಮ ಬಾಗಿಲಿಗೇ ಊರಿನ ಕೊಚ್ಚೆ ಕರೆದುಕೊಂಡ ಜನ ಇನ್ನೆಲ್ಲಾದರೂ ಇದ್ದಾರೋ ಇಲ್ಲವೋ, ಕಾಣೆ.

ಮುಂದಿನ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷ ದೇವೀರಪ್ಪ ಸತ್ತ. ಚಟ್ಟ ಹೊರಡಬೇಕಾದರೆ ಕೊಚ್ಚೆ ದಾಟಲೇಬೇಕು, ಬೇರೆ ದಾರಿಯಿಲ್ಲ. ಮುಂದೆ ಹೆಗಲು ಕೊಟ್ಟಿದ್ದ ಉಗ್ರಪ್ಪನ ಕಾಲು ಜಾರಿತು. ಚಟ್ಟ ಒಂದು ಕಡೆ ವಾಲಿತು. ಹೆಣದ ತಲೆ, ಭುಜ, ಹೂವಿನ ಹಾರ ಎಲ್ಲ ಕೊಚ್ಚೆಯಲ್ಲಿ ಅದ್ದಿತು. ಮೀಯಿಸಿ ಹೊರಡಿಸಿದ ಹೆಣವನ್ನು ವಾಪಸು ತಂದು ಮತ್ತೆ ಮೀಯಿಸಬೇಕಾಯಿತು. ಶೆಡ್ಡಿನ ಕಟ್ಟೆಯ ಮೇಲೆ ನಿಂತ ಮೇಲಿನವರು ಟವೆಲ್ಲು ಮೂಗಿಗೆ ಹಿಡಿದು ಅಯ್ಯೋ ಪಾಪ ಅಂದರು. ಅದು ತಮ್ಮ ಬಚ್ಚಲ ನೀರು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಓಬಮ್ಮ ಅವತ್ತು ಅಳಲಿಲ್ಲ. ಗಂಡನ ಕಿವಿಯೊಳಗೆ ಹೋಗಿದ್ದ ಕೊಚ್ಚೆಯನ್ನು ಸೆರಗಿನ ತುದಿಯಿಂದ ತೆಗೆದಳು.

ಪಂಚಾಯ್ತಿ ಎಲೆಕ್ಷನ್ನು ಬಂದಾಗ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಅಂತ ಮೀಸಲಾಯಿತು. ಓಂಕಾರೇಶನೇ ಬಂದು ಓಬಮ್ಮನನ್ನು ನಿಲ್ಲಿಸಿದ. ಅವನು ಕೊಬ್ಬರಿ ವ್ಯಾಪಾರದ ಶಿವಮೂರ್ತಪ್ಪನ ಮಗ. ಅವನ ಅಪ್ಪನನ್ನು ಕೇಳದೆ ಊರಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. "ಓಬಮ್ಮ ಬಾಯಿಲ್ದೋಳು, ತೊಂದ್ರೆ ಇಲ್ಲ," ಅಂತ ಅವನು ಬೇರೆಯವರ ಹತ್ತಿರ ಹೇಳಿದ್ದು ಓಬಮ್ಮನ ಕಿವಿಗೂ ಬಿದ್ದಿತ್ತು. ಆದರೂ ಒಪ್ಪಿದಳು. ಅವಳಿಗೆ ಬೇಕಾಗಿದ್ದು ಒಂದೇ. ಚರಂಡಿ ಹಳ್ಳಕ್ಕೆ ಸೇರಬೇಕು.

ಅವಳು ಅಧ್ಯಕ್ಷೆಯಾದಳು. ಅವನು ಉಪಾಧ್ಯಕ್ಷನಾದ. ಆಫೀಸಿನಲ್ಲಿ ಗಿರಗಿರ ತಿರುಗುವ ಕುರ್ಚಿ ಇತ್ತು. ಶಿವಮೂರ್ತಪ್ಪ ಒಳಗೆ ಬಂದರೆ ಅವಳು ಎದ್ದು ಗೋಡೆಗೆ ನಿಲ್ಲುತ್ತಿದ್ದಳು. ಯಾರೂ ಏಳು ಅನ್ನುತ್ತಿರಲಿಲ್ಲ. ಕೂತ್ಕೋ ಅಂತಲೂ ಅನ್ನುತ್ತಿರಲಿಲ್ಲ. ಎಲ್ಲರಿಗೂ ಸ್ಟೀಲು ಲೋಟದಲ್ಲಿ ಟೀ, ಅಧ್ಯಕ್ಷೆಗೆ ಮಾತ್ರ ಪೇಪರ್ ಕಪ್ಪು. ಕೇಳಿದರೆ, "ಪೇಪರ್ ಕಪ್ಪು ಕ್ಲೀನು ಕಣಮ್ಮ, ಅದಕ್ಕೇ," ಅನ್ನುತ್ತಿದ್ದರು.

ಇನ್ನು ಆ ಕೀ. ಹೆಬ್ಬೆಟ್ಟಿನಷ್ಟು ಉದ್ದದ ಕಪ್ಪು ಕಡ್ಡಿ, ಡೋಂಗಲ್ ಅನ್ನುತ್ತಾರೆ. ಕಂಪ್ಯೂಟರಿಗೆ ಚುಚ್ಚಿದರೆ ಅಧ್ಯಕ್ಷೆ ಸಹಿ ಹಾಕಿದ ಹಾಗೆ. ಅದಿಲ್ಲದೆ ಅನುದಾನದ ಬಿಡಿಗಾಸೂ ಹೊರಡುವುದಿಲ್ಲ. ಓಬಮ್ಮನ ಹೆಸರಿನಲ್ಲಿ ಬಂದ ಆ ಕಡ್ಡಿ ಓಬಮ್ಮನ ಕೈಗೆ ಬರಲೇ ಇಲ್ಲ. ಓಂಕಾರೇಶನ ಕೀ ಗೊಂಚಲಲ್ಲಿ, ಬುಲೆಟ್ ಗಾಡಿಯ ಕೀಗೂ ಕೊಬ್ಬರಿ ಶೆಡ್ಡಿನ ಬೀಗದ ಕೈಗೂ ನಡುವೆ ನೇತಾಡುತ್ತಿತ್ತು. "ನಿಮ್ಮನೇಲಿ ಇಲಿ ಕಾಟ, ಕಳ್ದೋದ್ರೆ ದಿಲ್ಲೀಗೇ ಬರೀಬೇಕು," ಅಂದಿದ್ದ.

ಓಂಕಾರೇಶನಿಗೆ ಇನ್ನೊಂದು ಅಭ್ಯಾಸ ಇತ್ತು. ಅವನಿಗೆ ಅಂತಲ್ಲ, ಆ ಊರಿಗೇ ಇತ್ತು. ಕಾಲೋನಿಯವರಿಗೆ ಏನು ಕೊಟ್ಟರೂ ಕೈಗೆ ಕೊಡುವುದಿಲ್ಲ. ನೆಲಕ್ಕೆ ಎಸೆಯುತ್ತಾರೆ. ಕೂಲಿ, ಎಲೆ ಅಡಿಕೆ, ಹಬ್ಬದ ಕಾಯಿಚೂರು, ಎಲ್ಲವೂ ಕಾಲ ಹತ್ತಿರ ಬೀಳುತ್ತದೆ. ಇವರು ಬಗ್ಗಿ ಎತ್ತಿಕೊಳ್ಳುತ್ತಾರೆ. ಅಧ್ಯಕ್ಷೆಯಾದ ಮೇಲೆ ಓಬಮ್ಮನಿಗೆ ಒಂದು ಬಡ್ತಿ ಸಿಕ್ಕಿತ್ತು. ಅವಳಿಗೆ ಕೊಡುವುದನ್ನು ನೆಲದ ಬದಲು ಟೇಬಲ್ಲಿನ ಮೇಲೆ ಎಸೆಯುತ್ತಿದ್ದರು.

ಪ್ರತಿ ಗ್ರಾಮಸಭೆಯಲ್ಲೂ ಅವಳು ಎದ್ದು ನಿಂತು ಕೇಳಿದಳು. "ಕಾಲೋನಿ ಚರಂಡಿ ಹಳ್ಳಕ್ಕೆ ಸೇರಿಸ್ಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ವರ್ಷ ಕಂತು ಬರಲಿಲ್ಲ ಅಂದರು. ಇನ್ನೊಂದು ವರ್ಷ ಬಂತು, ಆದರೆ ಅದು ಕುಡಿಯುವ ನೀರಿನ ಗಂಟು, ಚರಂಡಿಗೆ ಬಿಚ್ಚುವ ಹಾಗಿಲ್ಲ ಅಂದರು. ಮತ್ತೊಂದು ವರ್ಷ ಬಿಚ್ಚಬಹುದಾಗಿತ್ತು, ಆದರೆ ಅಷ್ಟರಲ್ಲಿ ಆಫೀಸಿನ ಮುಂದೆ ಇಂಟರ್‌ಲಾಕ್ ಕಲ್ಲು ಹಾಸಿ ಆಗಿತ್ತು. ಅವಳ ಅವಧಿ ಮುಗಿಯುತ್ತ ಬಂತು. ಕೊನೆಯ ಅನುದಾನ ಬಂದಾಗ ಪಂಚಾಯ್ತಿ ಅಧಿಕಾರಿ ಆನಂದ್ ತಾನಾಗಿ ಕರೆದು, "ಅಮ್ಮಾ, ಈ ಸಲ ನಿಮ್ದೇ. ಕಾಲೋನಿ ಚರಂಡಿ ಅಭಿವೃದ್ಧಿ ಅಂತಲೇ ಹಾಕಿದೀವಿ. ಶುಕ್ರವಾರ ಗುದ್ದಲಿ ಪೂಜೆ," ಅಂದ. ಓಬಮ್ಮ ಹೋಗಿ ಕಾಲೋನಿಯಲ್ಲೆಲ್ಲ ಹೇಳಿದಳು. ಉಗ್ರಪ್ಪ ಅವತ್ತು ಕುಡಿಯದೆ ಮಲಗಿದ, ಅಂಥ ಸಂತೋಷ.

ಗುರುವಾರ ಟಿಪ್ಪರ್ ಬಂತು. ಜಲ್ಲಿ, ಮರಳು, ಚಪ್ಪಡಿ. ಎಲ್ಲವನ್ನೂ ಓಂಕಾರೇಶನ ಕೊಬ್ಬರಿ ಶೆಡ್ಡಿನ ಮುಂದೆ ಸುರಿದು ಹೋಯಿತು.

ಓಬಮ್ಮ ಸೀದಾ ಆಫೀಸಿಗೆ ನುಗ್ಗಿದಳು. "ಆನಂದಪ್ಪಾ, ಜಲ್ಲಿ ಅಲ್ಯಾಕೆ ಸುರುದ್ರು?"

ಆನಂದ್ ಕಂಪ್ಯೂಟರಿನಿಂದ ಮುಖ ತೆಗೆಯಲಿಲ್ಲ. "ಕೆಲ್ಸ ಅಲ್ಲೇ ಅಲ್ವಾಮ್ಮ. ಶೆಡ್ ಮುಂದೆ ಚರಂಡಿ ತೆರೆದಿದೆ. ಅದಕ್ಕೆ ಚಪ್ಪಡಿ ಮುಚ್ಚಿ, ಅಂಗಳಕ್ಕೆ ಕಾಂಕ್ರೀಟ್ ಹಾಕೋದು. ಲಾರಿ ತಿರುಗೋಕೆ ಆಗ್ತಿಲ್ಲ ಅಂತ ಬಹಳ ದಿನದಿಂದ ಹೇಳ್ತಾ ಇದ್ರು."

"ಯಾರ್ ಲಾರಿ?"

ಅವನು ಕೀಬೋರ್ಡು ಕುಟ್ಟತೊಡಗಿದ.

"ಕಾಲೋನಿ ಚರಂಡಿ ಅಂದ್ಯಲ್ಲಪ್ಪಾ."

"ಕಾಲೋನಿ ಕಡೆ ಹೋಗೋ ಚರಂಡಿ ತಾನೆ? ಹೆಸರು ಸರಿಯಾಗೇ ಇದೆ. ನೋಡೀಮ್ಮ, ಹಳ್ಳದವರೆಗೆ ತಗೊಂಡು ಹೋಗೋಕೆ ಲೆವೆಲ್ ನೋಡ್ಬೇಕು, ಅದು ದೊಡ್ಡ ಎಸ್ಟಿಮೇಟು. ಈಗ ಇದು ಆಗ್ಲಿ. ಮುಂದಿನ ಸಲ…"

"ಮುಂದಿನ್ ಸಲ ನಾನಿರ್ತೀನಾ ಇಲ್ಲಿ?"

"ಅದಕ್ಕೆ ನಾನೇನ್ ಮಾಡ್ಲಿ?" ಅಂದ ಆನಂದ್. ನಿಜವಾಗಿಯೂ ಬೇಸರವಾದವನ ಹಾಗೇ ಅಂದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. "ನಾಳೆ ಬಂದು ಗುದ್ದಲಿ ಹಿಡೀರಿ ಸಾಕು. ಅಧ್ಯಕ್ಷರು ಗುದ್ದಲಿ ಹಾಕೋ ಫೋಟೋ ಅಪ್‌ಲೋಡ್ ಆಗದೆ ಕೆಲ್ಸ ಶುರು ಆಗಲ್ಲ. ತಿಂಗಳೊಳಗೆ ಖರ್ಚು ತೋರಿಸ್ದೇ ಇದ್ರೆ ದುಡ್ಡು ವಾಪಸ್ ಹೋಗುತ್ತೆ. ಊರಿಗೇ ನಷ್ಟ."

ಸಂಜೆ ಮಗಳು ಭುವನಾ ಕಡೂರಿನ ಕಾಲೇಜಿನಿಂದ ಬಂದಳು. ಚಪ್ಪಲಿ ಕೈಯಲ್ಲಿತ್ತು. ದಿನಾ ಹಾಗೇ. ಬೆಳಗ್ಗೆ ಚಪ್ಪಲಿಯನ್ನು ಕವರಿನಲ್ಲಿಟ್ಟುಕೊಂಡು ಕೊಚ್ಚೆ ದಾಟುತ್ತಾಳೆ, ಬಸ್ ಸ್ಟಾಪಿನ ಹೋಟೆಲಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಾಳೆ. ಅವತ್ತು ಹೋಟೆಲಿನವನು ನಲ್ಲಿಗೆ ಬೀಗ ಹಾಕಿದ್ದನಂತೆ.

"ಹಂಗೇ ಬಸ್ ಹತ್ದೆ," ಅಂದಳು ಭುವನಾ. "ಪಕ್ಕದ ಹುಡುಗಿ ಎದ್ದು ಬೇರೆ ಸೀಟಿಗೆ ಹೋದ್ಲು. ಕಾಲೇಜ್ ಬರೋವರ್ಗೂ ನನ್ ಪಕ್ಕ ಯಾರೂ ಕೂತ್ಕೊಳ್ಳಿಲ್ಲ. ಬಸ್ ತುಂಬಾ ಜನ ನಿಂತೇ ಬಂದ್ರು."

ಓಬಮ್ಮ ಒಲೆ ಊದುತ್ತಿದ್ದವಳು ತಿರುಗಿ ನೋಡಲಿಲ್ಲ.

"ನಿಮ್ಮಮ್ಮ ಅಧ್ಯಕ್ಷೆ ಅಲ್ವೇನೇ ಅಂತ ಕೇಳ್ತಾರೆ. ಅಲ್ಲ ಅಂತೀನಿ. ಏನ್ ಅಧ್ಯಕ್ಷೆ ಕಣಮ್ಮ ನೀನು? ಕೀ ಅವನ ಜೇಬಲ್ಲಿ, ಕುರ್ಚಿ ಅವನಪ್ಪಂದು. ನಿಂದೇನೈತೆ ಅಲ್ಲಿ?"

"ಸುಮ್ಕಿರು," ಅಂದಳು ಓಬಮ್ಮ. ಹೊಗೆ ಕಣ್ಣಿಗೆ ತುಂಬಿಕೊಂಡಿತು. ಹೊಗೆಯಿಂದಲೇ ಬಂದ ನೀರು ಅಂದುಕೊಳ್ಳಲಿ ಅಂತ ಇನ್ನಷ್ಟು ಊದಿದಳು. ಮಗಳು ಕೇಳಿದ್ದರಲ್ಲಿ ತಪ್ಪೇನಿತ್ತು? ಇಷ್ಟು ವರ್ಷ ಆ ಆಫೀಸಿಗೆ ಹೋಗಿ ಬಂದು ತನ್ನದು ಅಂತ ಆದದ್ದು ಗೋಡೆಯ ಮೇಲಿನ ಹೆಸರೊಂದೇ.

ಶುಕ್ರವಾರ ಬೆಳಗ್ಗೆ ಶೆಡ್ಡಿನ ಮುಂದೆ ಶಾಮಿಯಾನ ಎದ್ದಿತು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮೊದಲ ಸಾಲಿನ ನಡುವೆ ಶಿವಮೂರ್ತಪ್ಪ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಕಾಲೋನಿಯವರು ಚರಂಡಿಯ ಆಚೆ ದಂಡೆಯಲ್ಲಿ ನಿಂತಿದ್ದರು. ಶುಕ್ರವಾರ ಮೇಲಿನ ಮನೆಗಳಲ್ಲಿ ತಲೆಗೆ ಎರೆದುಕೊಳ್ಳುವ ದಿನ, ಮನೆ ತೊಳೆಯುವ ದಿನ. ಊರಿನ ನೀರಿನ ಟ್ಯಾಂಕು ತುಂಬಿ ಉಕ್ಕಿ ಅದರ ನೀರೂ ಸೇರಿತ್ತು. ಚರಂಡಿ ಭರ್ತಿ ಹರಿಯುತ್ತಿತ್ತು. ಸೀಗೆಪುಡಿ ನೊರೆ, ಸಗಣಿ, ಅನ್ನದ ಅಗುಳು, ಶಾಂಪೂ ಚೀಟಿ.

ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾವಿಗೆ ಸೇವಂತಿಗೆ ಸುತ್ತಿದ್ದರು. ಪೂಜೆಯಾಯಿತು. ಕಾಯಿ ಒಡೆದರು. ಮೊದಲ ಗುದ್ದಲಿ ಶಿವಮೂರ್ತಪ್ಪನೇ ಹಾಕಿದ. ಎದುರಿಗೆ ಸಡಿಲ ಮಣ್ಣು ರಾಶಿ ಹಾಕಿಟ್ಟಿದ್ದರು, ಹಿರಿಯರ ಕೈ ನೋಯದಿರಲಿ ಅಂತ. ಆಮೇಲೆ ಆ ಗುದ್ದಲಿಯನ್ನು ಓಬಮ್ಮನ ಕಾಲ ಹತ್ತಿರ ಹಾಕಿದರು.

"ಬಾರಮ್ಮ ಅಧ್ಯಕ್ಷೆ," ಅಂದ ಓಂಕಾರೇಶ. "ಒಂದೇಟು ಹಾಕ್ದಂಗ್ ಮಾಡು. ಆನಂದ್, ಫೋಟೋ ರೆಡೀನಾ?"

ಓಬಮ್ಮ ಬಗ್ಗಿ ಗುದ್ದಲಿ ಎತ್ತಿಕೊಂಡಳು. ಕೈ ಕಾವನ್ನು ಹಿಡಿದ ಕೂಡಲೇ ಹಳೇ ಬೊಕ್ಕೆಯ ಜಾಗಗಳೆಲ್ಲ ಗುರುತು ಹಿಡಿದವು. ಆನಂದ್ ಮೊಬೈಲು ಎತ್ತಿ, "ಸ್ವಲ್ಪ ನಗೀಮ್ಮ," ಅಂದ.

ಅವಳು ಕಾವಿಗೆ ಸುತ್ತಿದ್ದ ಹೂವನ್ನು ಕಿತ್ತು ಬಿಸಾಡಿದಳು. ಹೂವಿದ್ದರೆ ಹಿಡಿತ ಸಿಗುವುದಿಲ್ಲ. ಒಂದೇಟು ಹಾಕಿದಳು. ಫೋಟೋ ಆಯಿತು. ಚಪ್ಪಾಳೆಯೂ ಆಯಿತು. ಎರಡನೇ ಏಟು ಹಾಕಿದಳು.

"ಸಾಕು ಸಾಕು, ಬಂತು ಫೋಟೋ," ಅಂದ ಆನಂದ್.

ಓಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಳೆದುಕೊಂಡ ಮಣ್ಣನ್ನು ಪೂಜೆಗೆ ಇಟ್ಟಿದ್ದ ಬಾಂಡ್ಲಿಗೆ ತುಂಬಿ, ಎತ್ತಿ ಸೊಂಟಕ್ಕಿಟ್ಟುಕೊಂಡು ಇಳಿಜಾರಿನಲ್ಲಿ ನಡೆದಳು. ಸಿಮೆಂಟು ಚರಂಡಿ ಮುಗಿಯುವ ಜಾಗದಲ್ಲಿ, ತನ್ನ ಹೊಸ್ತಿಲ ಎದುರಿಗೆ, ಮಣ್ಣನ್ನು ಚರಂಡಿಯ ಬಾಯಿಗೆ ಸುರಿದಳು. ವಾಪಸು ಬಂದಳು. ಮತ್ತೆ ತುಂಬಿದಳು. ಈ ಸಲ ಮಣ್ಣಿನ ಮೇಲೆ ಜಲ್ಲಿಯನ್ನೂ ತುಂಬಿದಳು.

ಮೊದಮೊದಲು ಯಾರಿಗೂ ಅರ್ಥವಾಗಲಿಲ್ಲ. ಏನೋ ಶಾಸ್ತ್ರ ಇರಬೇಕು ಅಂದುಕೊಂಡರು. ಉಗ್ರಪ್ಪನಿಗೆ ಅರ್ಥವಾಯಿತು. ಜೀವಮಾನವೆಲ್ಲ ಹೊಲದ ಒಡ್ಡು ಕಟ್ಟಿದವನು. ಅವನು ಒಂದು ಚಪ್ಪಡಿಯನ್ನು ದಬ್ಬಿಕೊಂಡು ಬಂದು ಚರಂಡಿಗೆ ಅಡ್ಡ ನಿಲ್ಲಿಸಿದ. ಓಬಮ್ಮ ಅದರ ಸಂದಿಗೆ ಮಣ್ಣು ಮೆತ್ತಿ ಕಾಲಲ್ಲಿ ತುಳಿದಳು. ಮೊಣಕಾಲವರೆಗೆ ಕೊಚ್ಚೆ. ಇಷ್ಟು ವರ್ಷ ಅದನ್ನು ತುಳಿದೇ ಬದುಕಿದ್ದಾಳೆ, ಅದಕ್ಕೇನು ಅಂಜಿಕೆ?

ನೀರು ನಿಂತಿತು. ಆಮೇಲೆ ಏರಿತು. ಚರಂಡಿಯ ಅಂಚು ಮುಟ್ಟಿ, ಒಂದು ಕ್ಷಣ ಅನುಮಾನಿಸಿ, ಈಚೆ ತಗ್ಗಿನಲ್ಲಿದ್ದ ಕೊಬ್ಬರಿ ಶೆಡ್ಡಿನ ಅಂಗಳಕ್ಕೆ ಹರಿಯಿತು. ಶಾಮಿಯಾನದ ಕೆಳಗೆ ಹಾಸಿದ್ದ ಕೆಂಪು ಜಮಖಾನ ಮೂಲೆಯಿಂದ ಕಪ್ಪಾಗತೊಡಗಿತು.

"ಏಯ್! ಏನೇ ಮಾಡ್ತಿದ್ದೀಯ?" ಓಂಕಾರೇಶ ಕುರ್ಚಿ ಬೀಳಿಸಿಕೊಂಡು ಎದ್ದ.

"ಕಾಮಗಾರಿ," ಅಂದಳು ಓಬಮ್ಮ.

"ಹುಚ್ಚು ಹಿಡೀತೇನೇ? ತೆಗಿ ಮಣ್ಣು!"

"ಹಳ್ಳಕ್ಕೆ ದಾರಿ ಮಾಡ್ಕೊಡು, ತೆಗೀತೀನಿ. ಇಲ್ದಿದ್ರೆ ನಿಮ್ ನೀರು ನಿಮ್ ಹತ್ರಾನೇ ಇರ್ಲಿ."

"ಅಮ್ಮಾ, ಅಮ್ಮಾ," ಆನಂದ್ ಪ್ಯಾಂಟು ಎತ್ತಿ ಹಿಡಿದು ಬಂದ. "ಹಿಂಗೆಲ್ಲ ಮಾಡ್ಬಾರ್ದು. ಕೂತು ಮಾತಾಡೋಣ."

"ಎಲ್ಲಿ ಕೂತ್ಕೊಳ್ಳಪ್ಪಾ? ಅದೊಂದ್ ಕುರ್ಚಿ, ಅದ್ರಲ್ಲೂ ಕೂರಕ್ ಬಿಟ್ಟಿಲ್ವಲ್ಲ!" ಬಾಯಿಲ್ಲದವಳು ಅಂತ ತಂದಿದ್ದರಲ್ಲ, ಅವಳ ಬಾಯಿ ಕಾಲೋನಿಯ ಕೊನೆಯ ಮನೆಗೂ ಕೇಳಿತು. "ನನ್ ಗಂಡನ್ ಹೆಣ ಇದರಲ್ ಅದ್ದಿ ತಗ್ದಿದೀನಿ. ನನ್ ಮಗಳು ಇದನ್ನ ತುಳ್ಕೊಂಡ್ ಕಾಲೇಜಿಗೆ ಹೋಯ್ತಾಳೆ. ನೀವು ನನ್ ಹೆಸ್ರಲ್ಲಿ ದುಡ್ಡು ತಂದು ಲಾರಿ ತಿರುಗ್ಸಕ್ ಜಾಗ ಮಾಡ್ಕೊತೀರ! ಕೊಡ್ರೋ ನನ್ ಕೀ. ಆ ಕೀ ಇಲ್ದೆ ನಿಮಗೆ ಒಂದ್ ಬಿಲ್ಲೂ ಆಗಲ್ಲ. ನನ್ ಕೀ ನನಗ್ ಕೊಡ್ರೋ!"

ಕೊಚ್ಚೆ ಕುರ್ಚಿಗಳ ಎರಡನೇ ಸಾಲಿಗೆ ಬಂತು. ಹೆಂಗಸರು ಸೀರೆ ಎತ್ತಿಕೊಂಡು ಶೆಡ್ಡಿನ ಕಟ್ಟೆ ಹತ್ತಿದರು. ಶಿವಮೂರ್ತಪ್ಪ ಕಾಲು ಮಡಚಿ ಕುರ್ಚಿಯ ಮೇಲೇ ಇಟ್ಟುಕೊಂಡ.

"ಕೊಟ್ಟು ಸಾಯೋ ಅದನ್ನ," ಅಂತ ಮಗನಿಗೆ ಗದರಿದ. "ಆಮೇಲೆ ನೋಡ್ಕೊಳ್ಳಾಣ."

ಓಂಕಾರೇಶ ಗೊಂಚಲಿನಿಂದ ಆ ಕಪ್ಪು ಕಡ್ಡಿ ಬಿಡಿಸಿದ. ಉಗುರು ಸಿಕ್ಕಿಕೊಂಡು ರಕ್ತ ಬಂತು. "ತಗೋ, ಸಾಯಿ," ಅಂತ ಎಸೆದ.

ರೂಢಿಯ ಹಾಗೇ ಎಸೆದ. ಕಾಲ ಹತ್ತಿರಕ್ಕೆ. ಆದರೆ ಅವತ್ತು ಅಲ್ಲಿ ನೆಲ ಇರಲಿಲ್ಲ. ಕಡ್ಡಿ ಪುಳಕ್ಕೆಂದು ಕೊಚ್ಚೆಯೊಳಗೆ ಹೋಯಿತು.

"ಅಯ್ಯೋ!" ಅಂತ ಕಿರುಚಿದವನು ಆನಂದ್. "ಅದು ನೀರಲ್ಲಿ ಹಾಳಾದ್ರೆ ಮುಗೀತು! ಹೊಸದು ಬರೋಷ್ಟರಲ್ಲಿ ತಿಂಗಳು ಕಳ್ದೋಗುತ್ತೆ, ದುಡ್ಡೆಲ್ಲ ವಾಪಸ್! ಅಮ್ಮಾ, ಬೇಗ ಎತ್ಕೊಳ್ಳಿ!"

ಎಲ್ಲರೂ ಓಬಮ್ಮನನ್ನು ನೋಡಿದರು. ಅವಳು ಬಗ್ಗುತ್ತಾಳೆ ಅಂತ ನೋಡಿದರು. ಇಷ್ಟು ವರ್ಷ ಕಾದ ಚರಂಡಿ ಆ ಕಡ್ಡಿಯ ಜೊತೆ ಮುಳುಗುತ್ತಿತ್ತು. ಬೆನ್ನು ಇನ್ನೇನು ಬಗ್ಗಬೇಕು, ಗುದ್ದಲಿಯ ಕಾವನ್ನು ಬಿಗಿಯಾಗಿ ಹಿಡಿದು ತಡೆದುಕೊಂಡಳು.

ಪಕ್ಕದಲ್ಲಿದ್ದ ಉಗ್ರಪ್ಪ ಆಗಲೇ ಬಗ್ಗಿದ್ದ. ಅವನ ಕೈ ಕೊಚ್ಚೆ ಮುಟ್ಟಿತ್ತು. ಅವನನ್ನು ಯಾರೂ ಕರೆದಿರಲಿಲ್ಲ, ಅವನ ಮೈಗೇ ಆ ಅಭ್ಯಾಸವಾಗಿತ್ತು.

"ಉಗ್ರಣ್ಣಾ," ಅಂದಳು ಓಬಮ್ಮ, "ನೆಟ್ಗೆ ನಿಂತ್ಕೋ."

ಉಗ್ರಪ್ಪ ಅವಳ ಮುಖ ನೋಡಿದ. ನಿಧಾನವಾಗಿ ನೆಟ್ಟಗೆ ನಿಂತ. ಕೈಯನ್ನು ಪಂಚೆಗೆ ಒರೆಸಿಕೊಂಡ.

"ಯಾರಾದ್ರೂ ಎತ್ರೋ!" ಶಿವಮೂರ್ತಪ್ಪ ಕುರ್ಚಿಯ ಮೇಲಿಂದ ಕೂಗಿದ. ಕಾಲೋನಿಯ ದಂಡೆಯಲ್ಲಿ ಒಂದು ಹೆಜ್ಜೆಯೂ ಅಲುಗಲಿಲ್ಲ. ಭುವನಾ ಚಪ್ಪಲಿಯ ಕವರು ಹಿಡಿದು ಅಲ್ಲೇ ನಿಂತಿದ್ದಳು, ಬಸ್ಸಿಗೆ ಹೋಗಿರಲಿಲ್ಲ.

ಓಬಮ್ಮ ಕೈ ಚಾಚಿದಳು. ಮಣ್ಣು, ಕೊಚ್ಚೆ ಮೆತ್ತಿದ ಅಂಗೈ.

"ಎತ್ತಿ ಕೈಗೆ ಕೊಡು ಓಂಕಾರೇಶ."

ಅಣ್ಣ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ಅವನು ಅಪ್ಪನ ಮುಖ ನೋಡಿದ. ಆನಂದನ ಮುಖ ನೋಡಿದ. ಮೇಲಿನ ಬೀದಿಯಲ್ಲಿ ಯಾರೋ ಇನ್ನೊಂದು ಹಂಡೆ ಬಚ್ಚಲು ನೀರು ಚೆಲ್ಲಿದ ಸದ್ದಾಯಿತು.

ಓಂಕಾರೇಶ ಪ್ಯಾಂಟು ಮಡಚಿದ.